ಫೋನಿಗಿಂತ ಮೊದಲು ಸಿಗ್ನಲ್

ಐದು ವರ್ಷ ಜೊತೆಗಿದ್ದ ನನ್ನ ಫೋನು ಇತ್ತೀಚೆಗೆ ಮಧ್ಯಾಹ್ನದ ಹೊತ್ತಿಗೇ ಬಸವಳಿಯತೊಡಗಿತ್ತು. ಬ್ಯಾಟರಿ ಇನ್ನೂ ಶೇಕಡಾ 30 ಇದೆಯೆಂದು ತೋರಿಸುತ್ತಿರುವಾಗಲೇ ಪರದೆ ಒಮ್ಮೆಲೇ ಕಪ್ಪಾಗಿ ಹೋಗುತ್ತಿತ್ತು. ಬ್ಯಾಟರಿಯೊಂದೇ ತೊಂದರೆಯಾಗಿದ್ದರೆ ಅದನ್ನು ಬದಲಿಸಿ ಇನ್ನೆರಡು ವರ್ಷ ದೂಡಬಹುದಿತ್ತು. ಆದರೆ ಅದಕ್ಕೆ ಭದ್ರತಾ ಅಪ್‌ಡೇಟ್ ಬರುವುದು ನಿಂತು ಒಂದು ವರ್ಷ ಮೀರಿತ್ತು, ಬ್ಯಾಂಕಿನ ವ್ಯವಹಾರವೆಲ್ಲ ಅದರಲ್ಲೇ ನಡೆಯುತ್ತಿದ್ದುದರಿಂದ ಮುಂದುವರಿಸುವ ಧೈರ್ಯ ಬರಲಿಲ್ಲ. ಹೀಗಾಗಿ ಹೊಸ ಫೋನು, ಅದರ ಜೊತೆಗೆ ಹೊಸ ಪ್ಲಾನು, ಎರಡನ್ನೂ ಒಟ್ಟಿಗೇ ಆರಿಸಬೇಕಾಗಿ ಬಂತು. ಕಳೆದ ಸಲ ಇದೇ ಕೆಲಸವನ್ನು ನಾನು ತಪ್ಪು ಕ್ರಮದಲ್ಲಿ ಮಾಡಿದ್ದೆ: ಮೊದಲು ಫೋನು ಕೊಂಡೆ, ಆಮೇಲೆ ಪ್ಲಾನು ನೋಡಿದೆ, ಮನೆಯೊಳಗೆ ಸಿಗ್ನಲ್ ಹೇಗಿದೆ ಎಂಬುದನ್ನು ಎಲ್ಲಕ್ಕಿಂತ ಕೊನೆಗೆ ತಿಳಿದುಕೊಂಡೆ. ಈ ಸಲ ಆ ಕ್ರಮವನ್ನು ತಿರುಗಿಸಿ ನೋಡಿದೆ.

ಕಳೆದ ಸಲದ ಫೋನು ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಬೇರೊಂದು ಮಾರುಕಟ್ಟೆಗೆಂದು ತಯಾರಾದ ಆವೃತ್ತಿಯಾದ್ದರಿಂದ ಸ್ವಲ್ಪ ಅಗ್ಗಕ್ಕೂ ಸಿಕ್ಕಿತ್ತು. ಮನೆಗೆ ತಂದು ಸಿಮ್ ಹಾಕಿದ ಮೇಲೆ ತಿಳಿದದ್ದು ಏನೆಂದರೆ, ಕಿಟಕಿಯ ಬಳಿ ನಿಂತರೆ ಮಾತ್ರ ಕರೆ ಕಡಿಯದೆ ಸಾಗುತ್ತದೆ. ಒಳಕೋಣೆಗೆ ಕಾಲಿಟ್ಟರೆ ಮಾತು ತುಂಡಾಗುತ್ತದೆ. ಅದೇ ಕಂಪನಿಯ ಸಿಮ್ ಹಾಕಿಕೊಂಡಿದ್ದ ಮನೆಯ ಇನ್ನೊಬ್ಬರ ಸಾಧಾರಣ ಫೋನು ಅದೇ ಒಳಕೋಣೆಯಲ್ಲಿ ನಿರಾಯಾಸವಾಗಿ ಮಾತಾಡುತ್ತಿತ್ತು. ಸಿಮ್ ಕೆಟ್ಟಿರಬಹುದೆಂದು ಎರಡು ಬಾರಿ ಬದಲಿಸಿದೆ. ಕೊನೆಗೆ ಫೋನಿನ ಮಾದರಿ ಸಂಖ್ಯೆಯನ್ನು ಹುಡುಕಿ, ಅದು ಯಾವ ಯಾವ ಬ್ಯಾಂಡ್‌ಗಳಲ್ಲಿ, ಅಂದರೆ ಯಾವ ಯಾವ ರೇಡಿಯೋ ಆವರ್ತನಗಳಲ್ಲಿ, ಕೆಲಸ ಮಾಡುತ್ತದೆ ಎಂಬ ಪಟ್ಟಿಯನ್ನು ಓದಿದಾಗ ಕಾರಣ ತಿಳಿಯಿತು. ನಮ್ಮ ಸುತ್ತಮುತ್ತ ಮನೆಯೊಳಗಿನ ಸಿಗ್ನಲ್‌ಗೆ ಆ ಕಂಪನಿ ನೆಚ್ಚಿಕೊಂಡಿದ್ದುದು 700 ಮೆಗಾಹರ್ಟ್ಸ್‌ನ ಬ್ಯಾಂಡ್ 28ನ್ನು. ನನ್ನ ಫೋನಿನ ಆ ಆವೃತ್ತಿಯಲ್ಲಿ ಬ್ಯಾಂಡ್ 28 ಇರಲೇ ಇಲ್ಲ.

ಮೊಬೈಲ್ ಕಂಪನಿಗಳು ಒಂದೇ ಆವರ್ತನದಲ್ಲಿ ಸೇವೆ ಕೊಡುವುದಿಲ್ಲ. 700, 800, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಆವರ್ತನಗಳ ಅಲೆಗಳು ದೂರ ಸಾಗುತ್ತವೆ, ಗೋಡೆಗಳನ್ನು ಹೆಚ್ಚು ಸಲೀಸಾಗಿ ದಾಟುತ್ತವೆ. ಆದರೆ ಅಲ್ಲಿ ಸಿಗುವ ಜಾಗ ಕಿರಿದಾದ್ದರಿಂದ ವೇಗ ಹೆಚ್ಚಿರುವುದಿಲ್ಲ. 1800, 2100, 2300, 2600 ಮೆಗಾಹರ್ಟ್ಸ್‌ಗಳು ನಡುವಿನವು. 5ಜಿಗೆ ಬಹಳ ಕಡೆ ಬಳಸುವ 3.5 ಗಿಗಾಹರ್ಟ್ಸ್ ಸುತ್ತಲಿನ ಎನ್78 ಬ್ಯಾಂಡ್ ಒಳ್ಳೆಯ ವೇಗ ಕೊಡುತ್ತದೆ, ಆದರೆ ದಪ್ಪ ಗೋಡೆಯ ಮುಂದೆ ಬೇಗ ಸೋಲುತ್ತದೆ. 24 ಗಿಗಾಹರ್ಟ್ಸ್‌ಗೂ ಮೇಲಿನವು ಇನ್ನೂ ವೇಗದವು, ಆದರೆ ಅಂಗೈ ಅಡ್ಡ ಬಂದರೂ ಕುಗ್ಗುವಷ್ಟು ನಾಜೂಕು. ಬೀದಿಯಲ್ಲಿ ಭರ್ಜರಿ ವೇಗ ತೋರಿಸಿದ ಫೋನು ಮನೆಯೊಳಗೆ ಮಂಕಾಗಲು ಇದೇ ಕಾರಣ. ಒಂದೇ ಹೆಸರಿನ ಫೋನು ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆ ಬ್ಯಾಂಡ್‌ಗಳೊಂದಿಗೆ ತಯಾರಾಗುವುದರಿಂದ, ಕೊಳ್ಳುವವರು ಹೊಂದಿಸಿ ನೋಡಬೇಕಾದದ್ದು ಫೋನಿನ ಹೆಸರನ್ನಲ್ಲ, ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮಾದರಿ ಸಂಖ್ಯೆಯನ್ನು.

ಬ್ಯಾಂಡ್ ಹೊಂದಿದರೂ ಇನ್ನೊಂದು ತೊಡಕು ಉಳಿಯುತ್ತದೆ. 4ಜಿ ಜಾಲದಲ್ಲಿ ಮಾತು ಸಾಗುವುದು ವಿಓಎಲ್‌ಟಿಇ ಎಂಬ ವ್ಯವಸ್ಥೆಯ ಮೂಲಕ. ಫೋನಿನಲ್ಲಿ ಆ ಸೌಲಭ್ಯ ಇದ್ದ ಮಾತ್ರಕ್ಕೆ ಸಾಲದು; ನಮ್ಮ ಕಂಪನಿಯ ಜಾಲದೊಂದಿಗೆ ಆ ನಿರ್ದಿಷ್ಟ ಮಾದರಿಯಲ್ಲಿ ಅದು ಚಾಲೂ ಆಗಿರಬೇಕು. 2022ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳು 3ಜಿ ಜಾಲವನ್ನು ಮುಚ್ಚಿದಾಗ, 4ಜಿ ಡೇಟಾ ಸರಿಯಾಗಿಯೇ ನಡೆಯುತ್ತಿದ್ದ ಎಷ್ಟೋ ಫೋನುಗಳು ಇದೇ ಕಾರಣಕ್ಕೆ ಕರೆ ಮಾಡುವ ಶಕ್ತಿಯನ್ನು ಕಳೆದುಕೊಂಡವು. ಹಳೆಯ 2ಜಿ, 3ಜಿ ಜಾಲಗಳು ಜಗತ್ತಿನ ಹಲವು ಕಡೆ ಒಂದೊಂದಾಗಿ ಮುಚ್ಚುತ್ತಿರುವಾಗ, ಹೊರಗಿನಿಂದ ತರಿಸಿದ ಅಥವಾ ಯಾರೋ ಉಡುಗೊರೆ ಕೊಟ್ಟ ಫೋನನ್ನು ನೆಚ್ಚಿಕೊಳ್ಳುವ ಮುನ್ನ ಈ ಒಂದು ವಿಷಯವನ್ನು ಕಂಪನಿಯಿಂದ ಕೇಳಿ ತಿಳಿಯುವುದು ಅಗತ್ಯ. ಹಾಗೆಯೇ ವೈಫೈ ಕಾಲಿಂಗ್ ಸೌಲಭ್ಯವನ್ನೂ ಕೇಳಬೇಕು. ಮನೆಯೊಳಗೆ ಸಿಗ್ನಲ್ ಕ್ಷೀಣವಾಗಿದ್ದು ವೈಫೈ ಚೆನ್ನಾಗಿದ್ದರೆ, ಮಾಮೂಲಿ ಕರೆಗಳೇ ವೈಫೈ ಮೂಲಕ ಬರುತ್ತವೆ. ನನ್ನ ಕಿಟಕಿಯ ಬಳಿಯ ವರ್ಷಗಳಲ್ಲಿ ಈ ಸೌಲಭ್ಯವೊಂದು ಇದ್ದಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು.

ಈ ಸಲ ಫೋನುಗಳ ಪಟ್ಟಿಯನ್ನು ತೆರೆಯುವುದಕ್ಕೆ ಮೊದಲೇ ಮೂರು ಕಂಪನಿಗಳ ಕಡಿಮೆ ಅವಧಿಯ ಪ್ರೀಪೇಯ್ಡ್ ಸಿಮ್‌ಗಳನ್ನು ತೆಗೆದುಕೊಂಡೆ. ಮನೆಯವರ ಎರಡು ಸಿಮ್‌ನ ಫೋನಿನಲ್ಲಿ ಒಂದೊಂದನ್ನೇ ಹಾಕಿ, ಪ್ರತಿಯೊಂದನ್ನೂ ಒಂದು ವಾರದ ಮಟ್ಟಿಗೆ ಗಮನಿಸಿದೆ. ಅಡುಗೆಮನೆ, ಮೆಟ್ಟಿಲು, ಕೆಲಸದ ಜಾಗ, ದಿನವೂ ಓಡಾಡುವ ದಾರಿ, ಮಲಗುವ ಕೋಣೆಯ ಮೂಲೆ ಎಲ್ಲವನ್ನೂ ನೋಡಿದೆ. ಬೆಳಿಗ್ಗೆ ಒಮ್ಮೆ, ಎಲ್ಲರೂ ವಿಡಿಯೋ ನೋಡುವ ರಾತ್ರಿ ಎಂಟರಿಂದ ಹತ್ತರ ನಡುವೆ ಇನ್ನೊಮ್ಮೆ. ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ನಂಬಲು ಬರುವುದಿಲ್ಲ, ಏಕೆಂದರೆ ಯಾವ ಮಟ್ಟಕ್ಕೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಫೋನು ತಯಾರಿಸಿದವರೇ ನಿರ್ಧರಿಸುತ್ತಾರೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೋರಿಸುವ ಪುಟದಲ್ಲಿ ಸಾಮಾನ್ಯವಾಗಿ ಡಿಬಿಎಂ ಎಂಬ ಅಳತೆಯಲ್ಲಿ ನಿಜವಾದ ಅಂಕಿ ಸಿಗುತ್ತದೆ. ಅದು ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 110 ದಾಟಿ ಕೆಳಗಿಳಿದರೆ ಕರೆ ಕಡಿಯುವ ಭಯ. ಅಂಕಿಯಲ್ಲಿ 10ರ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಎಂಬುದು ತಿಳಿದ ಮೇಲೆ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಾಗ ಫೋನು ಎಷ್ಟು ಹೆಣಗುತ್ತದೆ ಎಂಬುದು ಮೊದಲ ಬಾರಿಗೆ ಅರ್ಥವಾಯಿತು.

ಕಂಪನಿಗಳು ತಮ್ಮ ತಾಣದಲ್ಲಿ ತೋರಿಸುವ ವ್ಯಾಪ್ತಿಯ ನಕ್ಷೆಗಳನ್ನೂ ನೋಡಿದೆ. ಅವು ಸುಳ್ಳೇನಲ್ಲ, ಆದರೆ ಹೆಚ್ಚಾಗಿ ಲೆಕ್ಕದಿಂದ ಬರೆದ ನಕ್ಷೆಗಳು. ಒಂದು ಮನೆಯ ಗೋಡೆ ಎಷ್ಟು ದಪ್ಪ, ಪಕ್ಕದ ಕಟ್ಟಡ ಎಷ್ಟು ಎತ್ತರ ಎಂಬುದು ಅವಕ್ಕೆ ತಿಳಿಯದು. ನನ್ನ ಪರೀಕ್ಷೆಯಲ್ಲಿ ನಕ್ಷೆಯ ಪ್ರಕಾರ ಎರಡನೆಯದಾಗಿದ್ದ ಕಂಪನಿ ಮನೆಯೊಳಗೆ ಮೊದಲನೆಯದಾಗಿತ್ತು. ಸ್ವಂತ ಗೋಪುರಗಳಿಲ್ಲದೆ ದೊಡ್ಡ ಕಂಪನಿಯ ಜಾಲವನ್ನು ಬಾಡಿಗೆಗೆ ಪಡೆದು ಸೇವೆ ಕೊಡುವ ಸಣ್ಣ ಕಂಪನಿಗಳೂ ಹಲವು ದೇಶಗಳಲ್ಲಿ ಇವೆ, ಅವುಗಳ ಪ್ಲಾನುಗಳು ಸಾಮಾನ್ಯವಾಗಿ ಅಗ್ಗ. ಗೋಪುರ ಅದೇ ಆದರೂ ದಟ್ಟಣೆಯ ಹೊತ್ತಿನಲ್ಲಿ ಇಂಥ ಪ್ಲಾನುಗಳ ಗ್ರಾಹಕರಿಗೆ ಆದ್ಯತೆ ಕಡಿಮೆ ಇರಬಹುದು. ಹಾಗಾಗಿ ರಾತ್ರಿಯ ಪರೀಕ್ಷೆ ಅವಕ್ಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮುಂದಿನ ಪ್ರಶ್ನೆ ನನಗೆ ಎಷ್ಟು ಡೇಟಾ ಬೇಕು ಎಂಬುದು. ಇದಕ್ಕೆ ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ: ತುಂಬಾ ಬೇಕು. ಫೋನಿನಲ್ಲೇ ದಾಖಲಾಗಿದ್ದ ಮೂರು ತಿಂಗಳ ಲೆಕ್ಕ ತೆಗೆದು ನೋಡಿದರೆ ಒಂದು ತಿಂಗಳು 9 ಜಿಬಿ, ಮತ್ತೊಂದು ತಿಂಗಳು 11, ಪ್ರಯಾಣ ಮಾಡಿದ ತಿಂಗಳು 14. ಉಳಿದದ್ದೆಲ್ಲ ಮನೆಯ ಮತ್ತು ಕೆಲಸದ ವೈಫೈ ಮೂಲಕವೇ ಹೋಗಿತ್ತು. ಈ ಮೊಬೈಲ್ ಡೇಟಾದಲ್ಲೂ ಮುಕ್ಕಾಲು ಪಾಲು ವಿಡಿಯೋ. ಲೆಕ್ಕ ಹಾಕಿ ನೋಡಿದರೆ ಇದು ಸಹಜವೇ: 128 ಕಿಲೋಬಿಟ್ ವೇಗದಲ್ಲಿ ಸಂಗೀತ ಕೇಳಿದರೆ ಗಂಟೆಗೆ 58 ಎಂಬಿಯನ್ನೂ ಮುಟ್ಟುವುದಿಲ್ಲ, ಆದರೆ ಸಾಧಾರಣ ಗುಣಮಟ್ಟದ ವಿಡಿಯೋ ಗಂಟೆಗೆ ಸುಮಾರು ಒಂದು ಜಿಬಿ ತನಕ, ಹೈ ಡೆಫಿನಿಷನ್ ವಿಡಿಯೋ ಮೂರು ಜಿಬಿ ತನಕ ಕುಡಿಯಬಲ್ಲದು. ಹೊರಗಿರುವಾಗ ವಿಡಿಯೋದ ಗುಣಮಟ್ಟವನ್ನು ಒಂದು ಹಂತ ಇಳಿಸಿದ್ದಕ್ಕೆ ಮುಂದಿನ ತಿಂಗಳ ಬಳಕೆ 6 ಜಿಬಿಗೆ ಬಂತು. ಕೈ ಅಗಲದ ಪರದೆಯಲ್ಲಿ ವ್ಯತ್ಯಾಸವೂ ಕಾಣಲಿಲ್ಲ.

ಪ್ಲಾನುಗಳ ಮೇಲೆ ಬರೆದಿರುವ ‘ಅನ್‌ಲಿಮಿಟೆಡ್’ ಎಂಬ ಪದವನ್ನು ನಾನು ಈಗ ಬಹಳ ನಿಧಾನವಾಗಿ ಓದುತ್ತೇನೆ. ಬಹುಪಾಲು ಅದರ ಕೆಳಗೆ ನ್ಯಾಯೋಚಿತ ಬಳಕೆಯ ಮಿತಿ ಎಂಬ ಷರತ್ತು ಇರುತ್ತದೆ. ಮಿತಿ ದಾಟಿದ ಮೇಲೆ ಸಂಪರ್ಕ ಕಡಿಯುವುದಿಲ್ಲ, ವೇಗ ಇಳಿಯುತ್ತದೆ. ಎಷ್ಟಕ್ಕೆ ಇಳಿಯುತ್ತದೆ ಎಂಬುದೇ ಇಲ್ಲಿನ ಮುಖ್ಯ ವಿಷಯ. 128 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 16 ಕಿಲೋಬೈಟ್; ಮೂರು ಎಂಬಿಯ ಒಂದು ಫೋಟೋ ಕಳಿಸಲು ಮೂರು ನಿಮಿಷಕ್ಕಿಂತ ಹೆಚ್ಚು ಬೇಕು. ಅಕ್ಷರದ ಸಂದೇಶಗಳು ಹೋಗುತ್ತವೆ, ಆದರೆ ನಕ್ಷೆ ನೋಡಿಕೊಂಡು ದಾರಿ ಹುಡುಕುವವರಿಗೆ ಅದು ಇದ್ದೂ ಇಲ್ಲದಂತೆ. ಅದೇ ಇಳಿದ ವೇಗ ಒಂದು ಎಂಬಿಪಿಎಸ್ ಆಗಿದ್ದರೆ ದಿನ ಹೇಗೋ ನಡೆಯುತ್ತದೆ. ಕೆಲವು ಪ್ಲಾನುಗಳು ಹಾಟ್‌ಸ್ಪಾಟ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡುವ ಡೇಟಾಕ್ಕೆ ಬೇರೆಯೇ ಮಿತಿ ಹಾಕಿರುತ್ತವೆ, ಇನ್ನು ಕೆಲವು ವಿಡಿಯೋವನ್ನು 480ಪಿ ಎಂಬ ಕಡಿಮೆ ಗುಣಮಟ್ಟಕ್ಕೆ ಕಟ್ಟಿಹಾಕಿರುತ್ತವೆ. ಇವೆಲ್ಲ ಷರತ್ತುಗಳ ಪುಟದಲ್ಲಿ ಇರುತ್ತವೆ. ಆ ಪುಟ ಓದಲು ನನಗೆ ಪ್ರತಿ ಪ್ಲಾನಿಗೂ ಇಪ್ಪತ್ತು ನಿಮಿಷ ಹಿಡಿಯಿತು, ಮತ್ತು ಆ ಇಪ್ಪತ್ತು ನಿಮಿಷ ಇಡೀ ಆಯ್ಕೆಯಲ್ಲಿ ಅತ್ಯಂತ ಉಪಯುಕ್ತವಾದ ಸಮಯವಾಗಿತ್ತು.

ದಿನದ ಲೆಕ್ಕದ ಡೇಟಾ ಮತ್ತು ತಿಂಗಳ ಲೆಕ್ಕದ ಡೇಟಾ ನಡುವಿನ ವ್ಯತ್ಯಾಸವನ್ನೂ ನಾನು ಮೊದಲು ಗಣನೆಗೆ ತೆಗೆದುಕೊಂಡಿರಲಿಲ್ಲ. ದಿನಕ್ಕೆ ಒಂದೂವರೆ ಜಿಬಿ, 28 ದಿನಕ್ಕೆ 42 ಜಿಬಿ ಎಂದಾಗ ಬಹಳ ಎನಿಸುತ್ತದೆ. ಆದರೆ ಉಳಿದದ್ದು ಮಧ್ಯರಾತ್ರಿಗೆ ಕಳೆದುಹೋಗುತ್ತದೆ, ಪ್ರಯಾಣದ ದಿನ ಮಾತ್ರ ಸಂಜೆಯ ಹೊತ್ತಿಗೇ ಸಾಲದೆ ಬರುತ್ತದೆ. ನನ್ನಂತೆ ಹೆಚ್ಚಿನ ದಿನ ವೈಫೈಯಲ್ಲಿದ್ದು ಅಪರೂಪಕ್ಕೆ ಒಂದೇ ದಿನ ಐದಾರು ಜಿಬಿ ಬೇಕಾಗುವವರಿಗೆ, ಒಟ್ಟು 20 ಜಿಬಿಯನ್ನು ಬೇಕಾದಾಗ ಬಳಸಿಕೊಳ್ಳುವ ಪ್ಲಾನು ಕಾಗದದ ಮೇಲೆ ಚಿಕ್ಕದಾದರೂ ಬಳಕೆಯಲ್ಲಿ ದೊಡ್ಡದು. ಅವಧಿಯನ್ನೂ ಎಣಿಸಬೇಕು. 28 ದಿನದ ಪ್ಲಾನು ಹಾಕಿಸಿಕೊಂಡರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಣ ಕಟ್ಟಬೇಕಾಗುತ್ತದೆ. ತಿಂಗಳ ಪ್ಲಾನಿನೊಂದಿಗೆ ಅದನ್ನು ಹೋಲಿಸುವಾಗ ವರ್ಷದ ಒಟ್ಟು ಮೊತ್ತವನ್ನೇ ಹೋಲಿಸುವುದು ಸರಿಯಾದ ದಾರಿ.

ಫೋನನ್ನೂ ಪ್ಲಾನನ್ನೂ ಒಂದೇ ಗಂಟಿನಲ್ಲಿ ಕೊಡುವ ಕಂತಿನ ಕರಾರುಗಳನ್ನು ನಾನು ಬಹಳ ಹೊತ್ತು ತೂಗಿ ನೋಡಿದೆ. ಮೊದಲ ದಿನ ಕೈಯಿಂದ ಹೋಗುವ ಹಣ ಕಡಿಮೆ, ಅದೊಂದು ದೊಡ್ಡ ಅನುಕೂಲ. ಒಟ್ಟಿಗೆ ಹಣ ಹೊಂದಿಸಲಾಗದವರಿಗೆ ಅದು ನಿಜವಾದ ನೆರವೂ ಹೌದು. ಆದರೆ 24 ಅಥವಾ 36 ತಿಂಗಳ ಕಂತನ್ನು ಗುಣಿಸಿ, ಆ ಫೋನನ್ನು ಬೇರೆಯಾಗಿ ಕೊಂಡು ನಮಗೆ ಸಾಕಾಗುವ ಸಣ್ಣ ಪ್ಲಾನು ಹಾಕಿಸಿಕೊಂಡರೆ ಆಗುವ ಒಟ್ಟು ಖರ್ಚಿನ ಪಕ್ಕದಲ್ಲಿಟ್ಟಾಗ ಚಿತ್ರ ಬದಲಾಗುತ್ತದೆ. ಫೋನಿನ ಮೇಲೆ ಕೊಡುವ ರಿಯಾಯಿತಿ ಹಲವು ಬಾರಿ ದೊಡ್ಡ ಪ್ಲಾನಿಗೆ ಕಟ್ಟಿಬಿದ್ದಿರುತ್ತದೆ. ನಡುವೆ ಪ್ಲಾನು ಇಳಿಸಿದರೆ ಉಳಿದ ರಿಯಾಯಿತಿ ತಪ್ಪಿಹೋಗುತ್ತದೆ. ಫೋನು ಆ ಕಂಪನಿಯ ಜಾಲಕ್ಕೆ ಲಾಕ್ ಆಗಿದ್ದರೆ ಬೇರೆ ಸಿಮ್ ಹಾಕಲೂ ಬರುವುದಿಲ್ಲ. ಮನೆ ಬದಲಾಯಿಸಿ ಹೊಸ ಜಾಗದಲ್ಲಿ ಆ ಕಂಪನಿಯ ಸಿಗ್ನಲ್ ಇಲ್ಲವೆಂದಾದರೆ ಏನು ಮಾಡುವುದು? ಕಿಟಕಿಯ ಬಳಿ ನಿಂತು ಅನುಭವಿಸಿದ ನನಗೆ ಈ ಪ್ರಶ್ನೆ ಎಲ್ಲ ರಿಯಾಯಿತಿಗಳಿಗಿಂತ ದೊಡ್ಡದಾಗಿ ಕಂಡಿತು. ಅನ್‌ಲಾಕ್ ಆದ ಫೋನು, ಯಾವಾಗ ಬೇಕಾದರೂ ಬಿಡಬಹುದಾದ ಪ್ಲಾನು ಎಂದು ತೀರ್ಮಾನಿಸಿದೆ.

ಇಷ್ಟೆಲ್ಲ ಆದ ಮೇಲೆ ಫೋನಿನ ಸರದಿ. ಜಾಲ ಮತ್ತು ಬ್ಯಾಂಡ್‌ಗಳು ಮೊದಲೇ ತಿಳಿದಿದ್ದರಿಂದ ಪಟ್ಟಿ ಅರ್ಧಕ್ಕಿಳಿಯಿತು. ಉಳಿದ ಅರ್ಧವನ್ನು ನಾನು ಒಂದೇ ಪ್ರಶ್ನೆಯಿಂದ ಜರಡಿ ಹಿಡಿದೆ: ಇದಕ್ಕೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ? ಈ ವಿಷಯದಲ್ಲಿ ಕಾಲ ಒಳ್ಳೆಯದಾಗಿದೆ. ಗೂಗಲ್ 2023ರಲ್ಲಿ ಪಿಕ್ಸೆಲ್ 8 ಸರಣಿಗೂ ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24 ಸರಣಿಗೂ ಏಳು ವರ್ಷಗಳ ಅಪ್‌ಡೇಟ್ ಮಾತು ಕೊಟ್ಟವು. ಆಪಲ್ ತನ್ನ ಐಫೋನುಗಳಿಗೆ ಹಿಂದಿನಿಂದಲೂ ದೀರ್ಘಕಾಲ ಅಪ್‌ಡೇಟ್ ಕೊಡುತ್ತ ಬಂದಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಲ್ಲಿರುವ ನಿಯಮ, ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು, ಏಳು ವರ್ಷ ಬಿಡಿಭಾಗಗಳು ಸಿಗಬೇಕು ಎನ್ನುತ್ತದೆ. ಆದರೆ ಕಂಪನಿಗಳು ಕೊಡುವ ವರ್ಷಗಳ ಲೆಕ್ಕ ಸಾಮಾನ್ಯವಾಗಿ ಆರಂಭವಾಗುವುದು ಮಾದರಿ ಬಿಡುಗಡೆಯಾದ ದಿನದಿಂದ, ನಾವು ಕೊಂಡ ದಿನದಿಂದಲ್ಲ ಎಂಬುದನ್ನು ಮರೆಯಬಾರದು. ನಾಲ್ಕು ವರ್ಷ ಅಪ್‌ಡೇಟ್ ಇರುವ ಮಾದರಿಯನ್ನು ಬಿಡುಗಡೆಯಾಗಿ ಎರಡು ವರ್ಷದ ಮೇಲೆ ರಿಯಾಯಿತಿಯಲ್ಲಿ ಕೊಂಡರೆ ನಮಗೆ ಸಿಗುವುದು ಎರಡೇ ವರ್ಷ. ಬೆಲೆಯನ್ನು ಈ ಉಳಿದ ವರ್ಷಗಳಿಂದ ಭಾಗಿಸಿ ನೋಡಿದಾಗ ಅಗ್ಗವೆಂದುಕೊಂಡಿದ್ದ ಎಷ್ಟೋ ಫೋನುಗಳು ದುಬಾರಿಯಾಗಿ, ನನ್ನ ಮಿತಿಗೆ ಸ್ವಲ್ಪ ಮೇಲೆಂದು ಬಿಟ್ಟಿದ್ದ ಒಂದು ಫೋನು ಮಿತವ್ಯಯದ್ದಾಗಿ ಕಂಡಿತು.

ಬ್ಯಾಟರಿಯ ವಿಷಯದಲ್ಲಿ ಎಲ್ಲರೂ ನೋಡುವುದು ಸಾಮರ್ಥ್ಯ ತಿಳಿಸುವ ಎಂಎಎಚ್ ಅಂಕಿಯನ್ನು. ಅದು ಬೇಕು, ಆದರೆ ಅದಷ್ಟರಿಂದಲೇ ಏನನ್ನೂ ಹೇಳಲಾಗದು. ಸಿಗ್ನಲ್ ದುರ್ಬಲವಾದ ಕಡೆ ಫೋನು ದೂರದ ಗೋಪುರವನ್ನು ಮುಟ್ಟಲು ತನ್ನ ಪ್ರಸಾರದ ಶಕ್ತಿಯನ್ನು ಏರಿಸುತ್ತದೆ, ಜಾಲವನ್ನು ಮತ್ತೆ ಮತ್ತೆ ಹುಡುಕುತ್ತದೆ, ಬ್ಯಾಟರಿ ಕರಗುತ್ತದೆ, ಮೈ ಬಿಸಿಯಾಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ನನ್ನ ಹಳೆಯ ಫೋನಿನ ಬ್ಯಾಟರಿ ನಿರೀಕ್ಷೆಗಿಂತ ಬೇಗ ಸೊರಗಿದ್ದಕ್ಕೂ ಅದರಲ್ಲಿ ಇಲ್ಲದ ಆ ಒಂದು ಬ್ಯಾಂಡಿಗೂ ಸಂಬಂಧವಿತ್ತೆಂದೇ ನಾನು ನಂಬುತ್ತೇನೆ. ಕಿಟಕಿಯಿಂದ ದೂರವಿದ್ದ ಮೇಜಿನ ಮೇಲೆ ಅದು ಇಡೀ ದಿನ ಬೆಚ್ಚಗೇ ಇರುತ್ತಿತ್ತು. ಬ್ಯಾಟರಿ ಎಷ್ಟು ಬಾರಿ ಪೂರ್ತಿ ತುಂಬಿ ಬರಿದಾದ ಮೇಲೆ ಅದರ ಮೂಲ ಸಾಮರ್ಥ್ಯದ ಶೇಕಡಾ 80ಕ್ಕೆ ಇಳಿಯುತ್ತದೆ ಎಂಬುದನ್ನು ಈಗ ಕೆಲವು ಕಂಪನಿಗಳು ಬಹಿರಂಗವಾಗಿ ಹೇಳುತ್ತವೆ. ಮೇಲೆ ಹೇಳಿದ ಐರೋಪ್ಯ ನಿಯಮ ಕನಿಷ್ಠ 800 ಬಾರಿ ಎನ್ನುತ್ತದೆ; ಆಪಲ್ ತನ್ನ ಐಫೋನ್ 14ರ ತನಕದ ಮಾದರಿಗಳಿಗೆ 500, ಐಫೋನ್ 15ರಿಂದ 1000 ಎಂದು ಹೇಳಿದೆ. ದಿನಕ್ಕೊಮ್ಮೆ ತುಂಬುವವರಿಗೆ 500 ಮತ್ತು 1000ದ ನಡುವಿನ ಅಂತರ ಒಂದು ವರ್ಷಕ್ಕೂ ಮೀರಿದ್ದು. ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆಯೇ, ಬ್ಯಾಟರಿ ಬದಲಿಸಿಕೊಡುವ ಅಧಿಕೃತ ವ್ಯವಸ್ಥೆ ಹತ್ತಿರದಲ್ಲಿದೆಯೇ ಎಂಬ ಎರಡು ಪ್ರಶ್ನೆಗಳನ್ನು ನಾನು ಚಾರ್ಜಿಂಗ್ ವೇಗಕ್ಕಿಂತ ಮುಖ್ಯವೆಂದು ಪರಿಗಣಿಸಿದೆ.

ಪ್ರೊಸೆಸರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಡುಮಟ್ಟದ ಫೋನುಗಳೂ ಈಗ ದಿನನಿತ್ಯದ ಕೆಲಸಕ್ಕೆ ಸಾಕಷ್ಟು ಚುರುಕಾಗಿವೆ. ಸ್ಟೋರೇಜ್ ಮಾತ್ರ ಹಾಗಲ್ಲ, ಏಕೆಂದರೆ ಮೆಮೊರಿ ಕಾರ್ಡಿಗೆ ಜಾಗವಿಲ್ಲದ ಫೋನಿನಲ್ಲಿ ಅದನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. 128 ಜಿಬಿ ಎಂದು ಬರೆದಿದ್ದರೂ ವ್ಯವಸ್ಥೆಯ ತಂತ್ರಾಂಶ ಅದರಲ್ಲಿ ಒಂದು ಪಾಲನ್ನು ಮೊದಲೇ ಹಿಡಿದಿರುತ್ತದೆ. ಐದಾರು ವರ್ಷ ಇಟ್ಟುಕೊಳ್ಳುವ ಉದ್ದೇಶದಿಂದ ನಾನು 256 ಜಿಬಿಯನ್ನೇ ಆರಿಸಿದೆ. ಅಳತೆಯಷ್ಟೇ ಬಗೆಯೂ ಮುಖ್ಯ: ಅಗ್ಗದ ಫೋನುಗಳಲ್ಲಿ ಬರುವ ಇಎಂಎಂಸಿ ಎಂಬ ಬಗೆಯ ಸ್ಟೋರೇಜಿಗಿಂತ ಯುಎಫ್‌ಎಸ್ ಬಹಳ ವೇಗದ್ದು, ಎರಡು ವರ್ಷ ಕಳೆದು ಫೋನು ತುಂಬಿಕೊಂಡಾಗ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಸ್ಟೋರೇಜಿನ ಒಂದು ಪಾಲನ್ನೇ ತೆಗೆದುಕೊಂಡು ‘ವರ್ಚುವಲ್ ರ್ಯಾಮ್’ ಎಂದು ಕೂಡಿಸಿ ತೋರಿಸುವ ಅಂಕಿಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಕ್ಯಾಮೆರಾದ ಮೆಗಾಪಿಕ್ಸೆಲ್ ಸಂಖ್ಯೆಗೆ ಹಿಂದೊಮ್ಮೆ ನಾನೂ ಬೆಲೆ ಕೊಟ್ಟಿದ್ದೆ. 50 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ನಾಲ್ಕು ಬಿಂದುಗಳನ್ನು ಒಂದಾಗಿಸಿ 12.5 ಮೆಗಾಪಿಕ್ಸೆಲ್‌ನ ಚಿತ್ರ ಕೊಡುತ್ತದೆ. 200 ಮೆಗಾಪಿಕ್ಸೆಲ್‌ನದು ಹದಿನಾರು ಬಿಂದುಗಳನ್ನು ಒಂದಾಗಿಸಿ ಅದೇ 12.5ಕ್ಕೆ ಬಂದು ನಿಲ್ಲುವುದುಂಟು. ಮಂದ ಬೆಳಕಿನಲ್ಲಿ ಕೆಲಸಕ್ಕೆ ಬರುವುದು ಸೆನ್ಸರ್‌ನ ಗಾತ್ರ, ಕೈ ನಡುಗಿದರೂ ಮಸೂರವನ್ನು ಸ್ಥಿರವಾಗಿಡುವ ಓಐಎಸ್ ವ್ಯವಸ್ಥೆ ಮತ್ತು ತಂತ್ರಾಂಶದ ಜಾಣ್ಮೆ. ಮಾದರಿ ಫೋನು ಕೈಗೆ ಸಿಕ್ಕರೆ ಒಳಾಂಗಣದ ದೀಪದ ಬೆಳಕಿನಲ್ಲಿ ನಡೆಯುತ್ತಿರುವ ಮನುಷ್ಯರ ನಾಲ್ಕು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಬಹುತೇಕ ವಿಷಯ ತಿಳಿಯುತ್ತದೆ. ಫೋನನ್ನು ಐದು ನಿಮಿಷ ಒಂದೇ ಕೈಯಲ್ಲಿ ಹಿಡಿದು ಓದಿಯೂ ನೋಡಬೇಕು. ತೂಕ ಎಷ್ಟು ಎಂಬುದನ್ನು ಅಂಕಿಗಿಂತ ಮಣಿಕಟ್ಟು ಚೆನ್ನಾಗಿ ಹೇಳುತ್ತದೆ.

ಸೆಕೆಂಡ್ ಹ್ಯಾಂಡ್ ಫೋನನ್ನೂ ಪರಿಶೀಲಿಸಿದ್ದೆ. *#06# ಒತ್ತಿದರೆ ಕಾಣುವ 15 ಅಂಕಿಯ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆ ಪೆಟ್ಟಿಗೆಯ ಸಂಖ್ಯೆಗೆ ಹೊಂದಬೇಕು, ಕಳುವಾದ ಫೋನುಗಳ ಪಟ್ಟಿಯಲ್ಲಿ ಇರಬಾರದು; ಹಿಂದಿನ ಮಾಲೀಕರ ಗೂಗಲ್ ಅಥವಾ ಆಪಲ್ ಖಾತೆ ಸಂಪೂರ್ಣವಾಗಿ ತೆಗೆದಿರಬೇಕು, ಇಲ್ಲವಾದರೆ ರೀಸೆಟ್ ಮಾಡಿದ ಮೇಲೂ ಅದು ತೆರೆಯುವುದಿಲ್ಲ. ಎರಡು ವರ್ಷ ಹಳೆಯದಾದರೂ ಇನ್ನೂ ಐದು ವರ್ಷ ಅಪ್‌ಡೇಟ್ ಬಾಕಿ ಇರುವ ಫೋನು ಸಿಕ್ಕರೆ ಅದು ಒಳ್ಳೆಯ ಆಯ್ಕೆಯೇ. ನನಗೆ ಬೇಕಾದ ಬ್ಯಾಂಡ್‌ಗಳಿದ್ದ ಆವೃತ್ತಿ ಸಿಗಲಿಲ್ಲ, ಅಷ್ಟೇ.

ಇದೇ ಸಮಯದಲ್ಲಿ ಅಮ್ಮನಿಗೂ ಒಂದು ಫೋನು ಆರಿಸಬೇಕಾಗಿತ್ತು, ಮತ್ತು ಆ ಆಯ್ಕೆ ನನ್ನದಕ್ಕಿಂತ ಹೆಚ್ಚು ಕಲಿಸಿತು. ನಾನು ಬರೆದುಕೊಂಡಿದ್ದ ಪಟ್ಟಿಯಲ್ಲಿ ಇದ್ದ ಒಂದೂ ಅಂಶ ಅಮ್ಮನ ತೊಂದರೆಗಳಿಗೆ ಉತ್ತರವಾಗಿರಲಿಲ್ಲ. ಅವರಿಗೆ ರಿಂಗಣ ಇನ್ನೊಂದು ಕೋಣೆಯಿಂದ ಕೇಳಬೇಕು. ಅಕ್ಷರ ದೊಡ್ಡದು ಮಾಡಿದರೆ ಗುಂಡಿಗಳು ಪರದೆಯಿಂದ ಆಚೆ ಸರಿಯಬಾರದು. ಬಿಸಿಲಿನಲ್ಲಿ ಕರೆ ಮಾಡಿದವರ ಹೆಸರು ಕಾಣಬೇಕು. ವಯಸ್ಸಾದಂತೆ, ಕೈಯಿಂದ ಕೆಲಸ ಮಾಡಿದಂತೆ ಬೆರಳಚ್ಚಿನ ಗೆರೆಗಳು ಸವೆಯುತ್ತವೆ, ಚರ್ಮ ಒಣಗುತ್ತದೆ, ಬೆರಳಚ್ಚು ಓದುವ ಸೆನ್ಸರ್ ಅಮ್ಮನ ಬೆರಳನ್ನು ಹತ್ತು ಸಲದಲ್ಲಿ ಆರು ಸಲ ತಿರಸ್ಕರಿಸುತ್ತಿತ್ತು. ಪ್ರತಿ ತಿರಸ್ಕಾರವನ್ನೂ ಅಮ್ಮ ತಮ್ಮದೇ ತಪ್ಪೆಂದು ತಿಳಿಯುತ್ತಿದ್ದರು ಎಂಬುದು ನನಗೆ ಆಗ ಗೊತ್ತಾಯಿತು, ಅದು ಮನಸ್ಸಿಗೆ ಬಹಳ ನಾಟಿತು. ಹಾಗಾಗಿ ಅವರ ಬೆರಳನ್ನೇ ಇಟ್ಟು ಪರೀಕ್ಷಿಸಿದ ಮೇಲೆಯೇ ಫೋನು ಆರಿಸಿದೆವು. ಮನೆಯಲ್ಲಿ ಸಹಾಯ ಮಾಡುವವರ ಬಳಿ ಇರುವಂಥದೇ ಫೋನನ್ನು ಕೊಂಡೆವು, ಏಕೆಂದರೆ ‘ಆ ಗುಂಡಿ ಎಲ್ಲಿದೆ’ ಎಂದು ದೂರದಿಂದ ಕೇಳಿದಾಗ ತಮ್ಮ ಫೋನನ್ನೇ ನೋಡಿಕೊಂಡು ಹೇಳಬಹುದು. ಅವರ ಪ್ಲಾನಿನಲ್ಲಿ ಡೇಟಾ ಕಡಿಮೆ, ಮಾತು ಯಥೇಚ್ಛ, ಅವಧಿ ದೀರ್ಘ. ಪದೇ ಪದೇ ರೀಚಾರ್ಜ್ ಮರೆತು ಕರೆ ನಿಲ್ಲುವ ಆತಂಕ ಇರಬಾರದು ಎಂಬುದೇ ಅಲ್ಲಿ ಮುಖ್ಯವಾಗಿತ್ತು.

ಹಳೆಯ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಾಯಿಸಿದೆ. ಬ್ಯಾಂಕು, ಅಂಚೆ, ಗುರುತಿನ ಖಾತೆ ಎಲ್ಲವೂ ಆ ಸಂಖ್ಯೆಗೆ ಬರುವ ಓಟಿಪಿಯ ಮೇಲೆ ನಿಂತಿರುವಾಗ, ಬಳಸದೆ ಬಿಟ್ಟ ಸಂಖ್ಯೆ ಕೆಲ ಕಾಲದ ನಂತರ ಬೇರೊಬ್ಬರಿಗೆ ಹೋಗಬಹುದು ಎಂಬುದನ್ನು ನೆನಪಿಡಬೇಕು. ಬದಲಾವಣೆಯ ದಿನ ಕೆಲವು ಗಂಟೆ ಸೇವೆ ಇರಲಿಲ್ಲವಾದ್ದರಿಂದ ಅಂದು ಯಾವ ಹಣ ಪಾವತಿಯನ್ನೂ ಇಟ್ಟುಕೊಂಡಿರಲಿಲ್ಲ. ಹೊಸ ಫೋನಿನಲ್ಲಿ ಒಂದು ಮಾಮೂಲಿ ಸಿಮ್, ಒಂದು ಇಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಎರಡಕ್ಕೂ ಅವಕಾಶವಿದೆ. ಇಸಿಮ್ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಪ್ರಯಾಣದಲ್ಲಿ ಬೇರೆ ಕಂಪನಿಯ ಅಲ್ಪಾವಧಿಯ ಪ್ಲಾನು ಹಾಕಿಕೊಳ್ಳಲು ಅನುಕೂಲ.

ಒಳಕೋಣೆಯಲ್ಲಿ ಸಿಗ್ನಲ್ ಅಂಕಿ ಈಗ ಮೈನಸ್ 94. ಹಳೆಯ ಫೋನಿನ ಫೋಟೋಗಳನ್ನು ಎರಡು ಕಡೆ ನಕಲಿಸಿಕೊಂಡು, ಖಾತೆಗಳನ್ನು ತೆಗೆದು, ಅದನ್ನು ಮರುಬಳಕೆಗೆ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಲು ಅರ್ಧ ಚಾರ್ಜ್‌ನಲ್ಲಿ ಸ್ವಿಚ್ ಆಫ್ ಮಾಡಿ ಇಟ್ಟಿದ್ದೇನೆ. ಎಲ್ಲ ಖಾತೆಗಳ ಓಟಿಪಿ ಹೊಸ ಫೋನಿಗೆ ಸರಿಯಾಗಿ ಬರುತ್ತಿದೆಯೆಂದು ಖಚಿತವಾಗಲು ಇನ್ನು ಒಂದು ವಾರ ಬೇಕು.